ಬರೆದಿಟ್ಟದ್ದು, ಬಾಯಿಗೆ ಬಂದದ್ದು

ಓದಿದ್ದನ್ನೆಲ್ಲ ಬರೆದಿಡುವ ಚಟದವರನ್ನು ದೂರದಿಂದಲೇ ಗುರುತಿಸಬಹುದು. ಅವರಿಗೆ ಏನೂ ನೆನಪಿರುವುದಿಲ್ಲ. ಏನಾದರೂ ಕೇಳಿ ನೋಡಿ, ಮುಖ ಅರಳುತ್ತದೆ, ಕೈ ಜೇಬಿಗೆ ಹೋಗುತ್ತದೆ, "ತಡೀರಿ, ಎಲ್ಲೋ ಬರ್ದಿಟ್ಟಿದ್ದೀನಿ" ಎಂಬ ಮಾತು ಬರುತ್ತದೆ. ಅಷ್ಟರಲ್ಲಿ ಕಾಫಿ ಆರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ, ಕೇಳಿದವರು ತಮ್ಮ ಮಗಳ ಮದುವೆಯ ಛತ್ರದ ಬಾಡಿಗೆಗೆ ಬಂದಿರುತ್ತಾರೆ. ಆಗ ಇವರು ಫೋನಿನಿಂದ ತಲೆ ಎತ್ತಿ "ಸಿಕ್ತು! ಮಡಗಾಸ್ಕರ್!" ಎಂದು ಕೂಗುತ್ತಾರೆ. ಗುಲ್‌ಮೊಹರ್ ಮರದ ತವರು ಯಾವುದು ಎಂದು ಎಷ್ಟೋ ಹೊತ್ತಿನ ಹಿಂದೆ ಯಾರೋ ಕೇಳಿದ್ದರಂತೆ.

ನಾನೂ ಅದೇ ಕುಲದವನು. ಮೊದಲು ಹೊಸ ವರ್ಷಕ್ಕೆ ಯಾರ್ಯಾರೋ ಕೊಡುತ್ತಿದ್ದ ಡೈರಿಗಳಿದ್ದವು. ಅವುಗಳಲ್ಲಿ ಸಂಕ್ರಾಂತಿಯವರೆಗೆ ದಟ್ಟವಾದ ಬರವಣಿಗೆ, ಆಮೇಲೆ ಹಾಲಿನ ಲೆಕ್ಕ. ನಂತರ ಕಂಪ್ಯೂಟರ್ ಬಂತು. ಯೂನಿಕೋಡ್ ರೂಢಿಯಾಗುವ ಮುಂಚಿನ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಟಿಪ್ಪಣಿಗಳನ್ನು ಇವತ್ತು ಫೋನಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತವೆ. ಹಳಗನ್ನಡ ಕಷ್ಟ ಎನ್ನುವವರು ಅದನ್ನೊಮ್ಮೆ ನೋಡಬೇಕು.

ಈಗ ಇಟ್ಟುಕೊಂಡಿರುವುದು ನನ್ನದೇ ಒಂದು ವಿಕಿ. ವಿಕಿಪೀಡಿಯ ಎಲ್ಲರಿಗೂ ಗೊತ್ತು. ಅದು ಶುರುವಾದದ್ದು 2001ರಲ್ಲಿ. ಆದರೆ ಯಾರು ಬೇಕಾದರೂ ತಿದ್ದಬಹುದಾದ, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪುಟಗಳು ಎಂಬ ಉಪಾಯ ಅದಕ್ಕಿಂತ ಹಳೆಯದು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲೇ ಮೊದಲ ವಿಕಿ ನಡೆಸಿದರು. ಆಮೇಲೆ ಜನಕ್ಕೆ ಹೊಳೆಯಿತು, ಊರಿಗೆಲ್ಲ ಒಂದಿರುವಾಗ ಒಬ್ಬೊಬ್ಬರಿಗೆ ಒಂದೊಂದು ಯಾಕಿರಬಾರದು? ಟಿಡ್ಲಿವಿಕಿ, ಆರ್ಗ್ ಮೋಡ್, ಅಬ್ಸಿಡಿಯನ್ ಎಂದು ಬಗೆಬಗೆಯ ತಂತ್ರಾಂಶಗಳು ಬಂದವು. ಸ್ವಂತ ವಿಕಿಯ ದೊಡ್ಡ ಸುಖವೆಂದರೆ ಜಗಳವಿಲ್ಲ. ಬರೆಯುವವನೂ ನಾನೇ, ತಿದ್ದುವವನೂ ನಾನೇ, "ಇದಕ್ಕೆ ಆಧಾರವೇನು?" ಎಂದು ತಗಾದೆ ತೆಗೆಯುವವನೂ ನಾನೇ, ಆ ತಗಾದೆಯನ್ನು ಕಂಡೂ ಕಾಣದಂತೆ ಇರುವವನೂ ನಾನೇ.

ನನ್ನ ವಿಕಿಯ ಮುಖ್ಯ ವಿಷಯ ಬೆಂಗಳೂರಿನ ಮರಗಳು. ಇಂಥದೇ ಯಾಕೆ ಎಂದರೆ ಉತ್ತರವಿಲ್ಲ. ಬೆಳಗಿನ ವಾಕಿಂಗಿನಲ್ಲಿ ಎದುರು ಸಿಗುವವರಲ್ಲಿ ರಾಜಕೀಯ ಮಾತಾಡದವರು ಮರಗಳು ಮಾತ್ರ. ಒಂದೊಂದು ಮರಕ್ಕೆ ಒಂದೊಂದು ಪುಟ. ಹೊಂಗೆಯ ಪುಟದಿಂದ ಹೊಂಗೆ ಎಣ್ಣೆಗೆ ಕೊಂಡಿ, ಅಲ್ಲಿಂದ ದೀಪಕ್ಕೆ, ಬೇವಿನ ಪುಟದಿಂದ ಯುಗಾದಿಗೆ, ಜಕರಾಂಡದಿಂದ ಲಾಲ್‌ಬಾಗಿಗೆ, ಲಾಲ್‌ಬಾಗಿನಿಂದ 1908ರಲ್ಲಿ ಅದರ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್‌ಗೆ. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಶುರು ಮಾಡುವಂತೆ ಈ ಊರಿನ ಬೀದಿಗಳಲ್ಲಿ ಮರ ನೆಡಿಸಿದ ಕೀರ್ತಿ ಅವರದು. ಅವರ ಪುಟಕ್ಕೆ ಬಂದ ಮೇಲೆ ಮರ ಮರೆತುಹೋಗುತ್ತದೆ. ಹೀಗೆ ಒಂದು ಸಂಜೆ ಹೊಂಗೆ ಎಲೆಯಲ್ಲಿ ಕಿರುಎಲೆ ಎಷ್ಟು ಎಂದು ನೋಡಲು ಕೂತವನು ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಎದ್ದೆ. 1025ರ ಆ ಕನ್ನಡ ಗ್ರಂಥದಲ್ಲಿ ಅಂತರ್ಜಲ ಹುಡುಕುವುದು, ಗಿಡಮರಗಳ ಚಿಕಿತ್ಸೆ, ಅಡುಗೆ, ಸುಗಂಧದ್ರವ್ಯ, ಶಕುನ ಎಲ್ಲ ಒಂದೇ ಕಡೆ ಇವೆ. ಬಾವಿ ತೋಡುವವನಿಗೂ ಅಡುಗೆ ಮಾಡುವವನಿಗೂ ಬೇರೆ ಬೇರೆ ಪುಸ್ತಕ ಬೇಕು ಎಂದು ಅವನಿಗೆ ಅನ್ನಿಸಲೇ ಇಲ್ಲ. ಓದಿ ನನ್ನ ವಿಕಿಯ ಬಗ್ಗೆ ಇದ್ದ ಸಣ್ಣ ನಾಚಿಕೆ ಹೋಯಿತು. ಕಿರುಎಲೆಯ ಲೆಕ್ಕ ಮಾತ್ರ ಮರುದಿನಕ್ಕೆ ಉಳಿಯಿತು.

ಕನ್ನಡದಲ್ಲಿ ವಿಕಿ ಕಟ್ಟುವವರಿಗೆ ಒಂದು ತೊಡಕಿದೆ, ಅದನ್ನು ಹೇಳಲೇಬೇಕು. ಈ ತಂತ್ರಾಂಶಗಳಲ್ಲಿ ಒಂದು ಪದವನ್ನು ಜೋಡಿ ಚೌಕ ಆವರಣದಲ್ಲಿ ಹಾಕಿದರೆ ಆ ಹೆಸರಿನ ಪುಟಕ್ಕೆ ಕೊಂಡಿ ಬೀಳುತ್ತದೆ. ಪದ ಸುಮ್ಮನೆ ಒಂದೇ ರೂಪದಲ್ಲಿ ಕೂತಿರುವ ಭಾಷೆಯವರಿಗೆ ಇದು ಸಲೀಸು. ನಮ್ಮಲ್ಲಿ ಮಾವು ಎಂದು ಪುಟ ಮಾಡಿದರೆ ವಾಕ್ಯದಲ್ಲಿ ಅದು ಮಾವಿನ, ಮಾವಿಗೆ, ಮಾವೂ ಎಂದೆಲ್ಲ ವೇಷ ಹಾಕಿಕೊಂಡು ಬರುತ್ತದೆ. 'ಮಾವು' ಎಂದು ಹುಡುಕಿದರೆ 'ಮಾವಿನ ಮರ' ಸಿಗುವುದಿಲ್ಲ. 'ಮಾವ' ಎಂದು ಅರ್ಧಕ್ಕೆ ನಿಲ್ಲಿಸಿ ಹುಡುಕಿದರೆ ಮರದ ಜೊತೆಗೆ ಹೆಂಡತಿಯ ತಂದೆಯೂ ಬರುತ್ತಾರೆ. ಬೇವಿನದೂ ಇದೇ ಕಥೆ. ಕೊನೆಗೆ ಪ್ರತಿ ಕೊಂಡಿಯಲ್ಲೂ ಮೂಲ ಹೆಸರು ಬರೆದು, ನಡುವೆ ಒಂದು ನಿಂತ ಗೆರೆ ಎಳೆದು, ವಾಕ್ಯಕ್ಕೆ ಬೇಕಾದ ರೂಪವನ್ನು ಪಕ್ಕದಲ್ಲಿ ಬರೆಯುವುದು ಅಭ್ಯಾಸವಾಯಿತು. ಸಂಧಿ, ವಿಭಕ್ತಿಗಳನ್ನು ಶಾಲೆಯಲ್ಲಿ ಕಲಿತದ್ದು ಪರೀಕ್ಷೆಗೆ. ಅವು ನಿಜವಾಗಿ ಇವೆ ಎಂದು ಗೊತ್ತಾದದ್ದು ಈಗ.

ಇನ್ನು ನಕ್ಷೆಯ ವಿಷಯ. ಎಲ್ಲ ಪುಟಗಳನ್ನೂ ಚುಕ್ಕೆಗಳಾಗಿ, ಕೊಂಡಿಗಳನ್ನು ಗೆರೆಗಳಾಗಿ ತೋರಿಸುವ ಒಂದು ಸೌಲಭ್ಯ ಇವುಗಳಲ್ಲಿ ಕೆಲವಕ್ಕಿದೆ. ಮೌಸ್ ಮುಟ್ಟಿದರೆ ಇಡೀ ಜಾಲ ನಡುಗುತ್ತದೆ. ಅದರಿಂದ ಏನು ಪ್ರಯೋಜನ ಎಂದು ಕೇಳಬಾರದು. ಮನೆಗೆ ಬಂದವರಿಗೆ ತೋರಿಸಬಹುದು. ಅವರು "ಅಬ್ಬಾ, ಇಷ್ಟೆಲ್ಲ ನಿಮಗೆ ಗೊತ್ತಾ?" ಎನ್ನುತ್ತಾರೆ. ಆಗ ಸುಮ್ಮನೆ ನಗಬೇಕು, ಯಾವ ಚುಕ್ಕೆಯ ಮೇಲೂ ಪ್ರಶ್ನೆ ಬರದಂತೆ ನೋಡಿಕೊಳ್ಳಬೇಕು.

ಪ್ರಶ್ನೆ ಬಂದೇ ಬಂತು, ಮನೆಯಲ್ಲಲ್ಲ, ಬೀದಿಯಲ್ಲಿ. ಜೊತೆಗೆ ನಡೆಯುವ ಸ್ನೇಹಿತರೊಬ್ಬರು ನುಣುಪಾದ ಬಿಳಿಚು ತೊಗಟೆಯ ಒಂದು ಮರ ತೋರಿಸಿ "ಇದ್ಯಾವ್ದು ಸ್ವಾಮಿ?" ಎಂದರು. ನನ್ನ ಬಳಿ ಹೊಳೆಮತ್ತಿಯ ಪುಟ ಇತ್ತು. ಅದರಲ್ಲಿ ತೊಗಟೆಯ ವರ್ಣನೆ ಇತ್ತು, ಬರಿಯ ಮತ್ತಿಯ ತೊಗಟೆ ಮೊಸಳೆ ಚರ್ಮದ ಹಾಗೆ ಬಿರಿದಿರುತ್ತದೆ, ಇದರದು ಹಾಗಲ್ಲ ಎಂಬ ವಿವರವೂ ಇತ್ತು. ಹೆಸರು ತಲೆಯಲ್ಲಿ ಇಲ್ಲದಿದ್ದರೆ ಯಾವ ಪುಟ ತೆರೆಯುವುದು? ಬರೆದಿಟ್ಟದ್ದು ಇದೆ ಎಂಬುದಾದರೂ ನೆನಪಿದ್ದರೆ ತಾನೇ ಹುಡುಕುವುದಕ್ಕೆ ದಾರಿ?

ನಮ್ಮ ಅಣ್ಣನ ಮಗ ಎಂಬಿಬಿಎಸ್ ಓದುತ್ತಿದ್ದಾನೆ. ಓದಿದ್ದು ಮರೆಯದಂತೆ ನೋಡಿಕೊಳ್ಳುವ ಆಂಕಿ ಎಂಬ ತಂತ್ರಾಂಶ ವೈದ್ಯ ವಿದ್ಯಾರ್ಥಿಗಳಲ್ಲಿ ಬಲು ಪ್ರಸಿದ್ಧ. ಡೇಮಿಯನ್ ಎಲ್ಮ್ಸ್ ಎಂಬುವರು ಜಪಾನಿ ಭಾಷೆ ಕಲಿಯುವಾಗ ಮಾಡಿ 2006ರಲ್ಲಿ ಹೊರಗೆ ಬಿಟ್ಟದ್ದು ಅದು. ಅದರಲ್ಲಿರುವುದು ಕಾರ್ಡುಗಳು: ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ನೋಡುವ ಮೊದಲು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು, ಆಮೇಲೆ ತಿರುಗಿಸಿ, ಬಂತೋ ಇಲ್ಲವೋ ಎಂದು ಒಂದು ಗುಂಡಿ ಒತ್ತಬೇಕು. ಬಂದರೆ ಆ ಕಾರ್ಡು ಹೆಚ್ಚು ದಿನ ಬಿಟ್ಟು ಬರುತ್ತದೆ. ಬರದಿದ್ದರೆ ಬೇಗ ಬರುತ್ತದೆ. ಹುಡುಗ ನನ್ನ ಫೋನಿಗೆ ಅದನ್ನು ಹಾಕಿಕೊಟ್ಟು ಹೋದ. ಮುಂದಿನ ಸಲ ಬಂದಾಗ ನಾನು ಮಾಡಿದ್ದ ಕಾರ್ಡುಗಳನ್ನು ನೋಡಿ, "ಚಿಕ್ಕಪ್ಪ, ಇದೇನು ಕಾರ್ಡಾ, ಐದು ಮಾರ್ಕಿನ ಪ್ರಶ್ನೆನಾ?" ಎಂದ. 'ಹೊಂಗೆ ಮರದ ಬಗ್ಗೆ ಟಿಪ್ಪಣಿ ಬರೆಯಿರಿ' ಎಂದಿತ್ತು. ನಮ್ಮ ಕಾಲದ ಶಾಲೆಯವರಿಗೆ ಪ್ರಶ್ನೆ ಎಂದರೆ ಅದೇ. ಕಾರ್ಡು ಒಪ್ಪುವುದು ಒಂದೇ ಸಾಲು, ಒಂದೇ ಸಂಗತಿ. 'ಹೊಂಗೆಯ ಕಾಯಿಯಲ್ಲಿ ಸಾಮಾನ್ಯವಾಗಿ ಎಷ್ಟು ಬೀಜ?' ಒಂದು. ಮುಗಿಯಿತು. ಪ್ರಬಂಧ ಬರೆಯುವ ಚಾಳಿಯವನಿಗೆ ಇದು ಉಪವಾಸ.

ಈ ಹೆಚ್ಚು ದಿನ ಬಿಡುವ ಲೆಕ್ಕ ಎಲ್ಲಿಂದ ಬಂತು ಎಂದು ವಿಕಿಯಲ್ಲಿ ಒಂದು ಪುಟ ಮಾಡಿದೆ (ಮಾಡದೆ ಇರುತ್ತೇನೆಯೇ?). ಆ ಪುಟದ ನಾಯಕ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಮರೆವನ್ನು ಅಳೆಯಬೇಕು ಎಂದು ಹೊರಟ ಈತ ಪ್ರಯೋಗಕ್ಕೆ ಬೇರೆ ಯಾರನ್ನೂ ಹಿಡಿಯಲಿಲ್ಲ, ತನ್ನನ್ನೇ ಹಿಡಿದ. ಅರ್ಥವೇ ಇಲ್ಲದ ಸುಮಾರು 2,300 ಉಚ್ಚಾರಾಂಶಗಳನ್ನು ಹೊಸೆದು, ಸಾಲುಸಾಲಾಗಿ ಜೋಡಿಸಿ, ಒಂದೇ ಲಯದಲ್ಲಿ ಓದಿ ಓದಿ ಬಾಯಿಪಾಠ ಮಾಡಿದ. ಆಮೇಲೆ ಬೇರೆ ಬೇರೆ ಹೊತ್ತು ಬಿಟ್ಟು ಮತ್ತೆ ಕಲಿಯಲು ಕೂತು, ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದ. 1885ರಲ್ಲಿ ಪುಸ್ತಕ ಬಂತು. ಇಪ್ಪತ್ತು ನಿಮಿಷದ ಮೇಲೆ ಕಲಿತರೆ ಶೇ. 58ರಷ್ಟು ಶ್ರಮ ಉಳಿತಾಯ. ಒಂದು ಗಂಟೆಗೆ ಶೇ. 44. ಒಂದು ದಿನಕ್ಕೆ ಶೇ. 34. ಒಂದು ತಿಂಗಳಾದರೂ ಶೇ. 21. ಅಂದರೆ ಮರೆವು ಮೊದಲ ಗಂಟೆಯಲ್ಲೇ ಸಿಂಹಪಾಲು ತಿಂದು, ಆಮೇಲೆ ನಿಧಾನವಾಗಿ ಮೇಯುತ್ತದೆ. ಸಭೆಗಳಲ್ಲಿ ಒಂದು ಗಂಟೆ ಭಾಷಣ ಮಾಡುವವರಿಗೆ ಈ ಅಂಕಿಗಳನ್ನು ಹಾರದ ಜೊತೆ ಕೊಡಬೇಕು.

ಮುಂದಿನದು ಯಂತ್ರಗಾರಿಕೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಐದು ಖಾನೆಯ ಒಂದು ಪೆಟ್ಟಿಗೆ ಸೂಚಿಸಿದ. ಉತ್ತರ ಬಂದ ಕಾರ್ಡು ಮುಂದಿನ ಖಾನೆಗೆ, ಬರದ ಕಾರ್ಡು ಎಷ್ಟೇ ಮುಂದೆ ಹೋಗಿದ್ದರೂ ಮೊದಲ ಖಾನೆಗೆ. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಎಂಬ ವಿದ್ಯಾರ್ಥಿ ಕಾಗದದ ಮೇಲೆ ಲೆಕ್ಕ ಇಟ್ಟು ನೋಡಿ, 1987ರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿದ. ಅವನ ಸೂತ್ರದಲ್ಲಿ ಮೊದಲ ಬಿಡುವು ಒಂದು ದಿನ, ಎರಡನೆಯದು ಆರು ದಿನ, ಆಮೇಲೆ ಪ್ರತಿ ಸಲವೂ ಹಿಂದಿನದರ ಸುಮಾರು ಎರಡೂವರೆ ಪಟ್ಟು: ಹದಿನೈದು, ಮೂವತ್ತೆಂಟು, ತೊಂಬತ್ತು ಚಿಲ್ಲರೆ. ಸರಿಯಾಗಿ ಉತ್ತರ ಹೇಳುತ್ತ ಹೋದರೆ ಐದಾರು ಭೇಟಿಯಲ್ಲಿ ಒಂದು ಸಂಗತಿ ವರ್ಷದ ಆಚೆಗೆ ದಾಟುತ್ತದೆ.

ಹೇಳದೆ ಹೋದರೆ? ಎಂಟು ಸಲ ಮರೆತ ಕಾರ್ಡಿಗೆ ಆಂಕಿ 'ಜಿಗಣೆ' ಎಂದು ಹಣೆಪಟ್ಟಿ ಕಟ್ಟಿ ಮೂಲೆಗೆ ಕೂರಿಸುತ್ತದೆ. ಸಮಯದ ರಕ್ತ ಹೀರುತ್ತದೆ ಎಂದು ಆ ಹೆಸರು. ಮಲೆನಾಡಿನವರಿಗೆ ಒಪ್ಪುವ ಹೆಸರೇ, ಅಲ್ಲಿಯದಕ್ಕಾದರೆ ಸುಣ್ಣವೋ ಹೊಗೆಸೊಪ್ಪೋ ಸಾಕು. ನನ್ನ ಜಿಗಣೆಗಳಲ್ಲಿ ಬಹುಪಾಲು ಲ್ಯಾಟಿನ್ ಹೆಸರುಗಳು. ಹೊಂಗೆಗೆ ಸಸ್ಯಶಾಸ್ತ್ರಜ್ಞರು ಕಾಲಕಾಲಕ್ಕೆ ಕುಲದ ಹೆಸರು ಬದಲಿಸಿದ್ದಾರೆ. ಅವರೇ ಒಂದು ಹೆಸರಿಗೆ ನಿಲ್ಲದಿರುವಾಗ ನಾನು ಮರೆತರೆ ತಪ್ಪೇನು ಎಂದು ಆ ಗುಂಪನ್ನೇ ತೆಗೆದುಹಾಕಿದೆ.

ಚಿತ್ರದ ಕಾರ್ಡುಗಳ ಮೋಸ ಇನ್ನೂ ಸೂಕ್ಷ್ಮವಾದದ್ದು. ಹೊಳೆಮತ್ತಿಯ ಫೋಟೋ ಹಾಕಿ 'ಇದು ಯಾವ ಮರ?' ಎಂದು ಕಾರ್ಡು ಮಾಡಿದೆ. ಕೆಲವೇ ವಾರದಲ್ಲಿ ಚಿತ್ರ ಬಂದ ಕ್ಷಣ ಉತ್ತರ ಬರುತ್ತಿತ್ತು. ಬೀದಿಯಲ್ಲಿ ನಿಂತರೆ ಮಾತ್ರ ಎಲ್ಲ ಮರವೂ ಒಂದೇ. ಗಮನಿಸಿದರೆ ಆ ಫೋಟೋದ ಬಲಮೂಲೆಯಲ್ಲಿ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಬೇಲಿ ಸ್ವಲ್ಪ ಕಾಣುತ್ತಿತ್ತು. ನನ್ನ ಮಿದುಳು ತೊಗಟೆ, ಎಲೆ ಎಂದು ತಲೆ ಕೆಡಿಸಿಕೊಳ್ಳದೆ 'ಟ್ರಾನ್ಸ್‌ಫಾರ್ಮರ್ ಇದ್ದರೆ ಹೊಳೆಮತ್ತಿ' ಎಂದು ಇತ್ಯರ್ಥ ಮಾಡಿಬಿಟ್ಟಿತ್ತು. ಬೆಂಗಳೂರಿನಲ್ಲಿ ಈ ನಿಯಮ ಹಿಡಿದು ಹೊರಟರೆ ಇಡೀ ನಗರವೇ ಹೊಳೆಮತ್ತಿಯ ಕಾಡು. ಈಗ ಒಂದು ಮರಕ್ಕೆ ಎಲೆಯದೊಂದು, ತೊಗಟೆಯದೊಂದು, ಕಾಯಿಯದೊಂದು ಎಂದು ಬೇರೆ ಬೇರೆ ಕಾರ್ಡು, ಬೇರೆ ಬೇರೆ ತಿಂಗಳ ಚಿತ್ರ. ಹೂವಿಲ್ಲದ ಕಾಲದಲ್ಲಿ ಗುಲ್‌ಮೊಹರ್ ಮತ್ತು ಜಕರಾಂಡ ಅವಳಿಗಳಂತೆ ಕಾಣುತ್ತವೆ, ಎರಡರದೂ ಪುಡಿಪುಡಿ ಎಲೆ. ಕೆಳಗೆ ಬಿದ್ದ ಕಾಯಿ ನೋಡಬೇಕು: ಕತ್ತಿವರಸೆ ಆಡುವಷ್ಟು ಉದ್ದ ಇದ್ದರೆ ಗುಲ್‌ಮೊಹರ್, ದುಂಡಗೆ ಚಪ್ಪಟೆಯಾಗಿದ್ದರೆ ಜಕರಾಂಡ. ಈ ಒಂದು ಕಾರ್ಡು ನನಗೆ ವಾಕಿಂಗ್ ಬಳಗದಲ್ಲಿ ಗಳಿಸಿಕೊಟ್ಟ ಮರ್ಯಾದೆಯನ್ನು ಇಡೀ ವಿಕಿ ಗಳಿಸಿಕೊಟ್ಟಿಲ್ಲ.

ಇದನ್ನೆಲ್ಲ ಕೇಳಿದ ಹಿರಿಯರೊಬ್ಬರು, "ಇದರಲ್ಲೇನಿದೆ ರೀ, ನಮ್ಮ ಪೂರ್ವಿಕರಿಗೆ ಗೊತ್ತಿರಲಿಲ್ವೇ?" ಎಂದರು. ಈ ಮಾತು ಬರದೆ ಯಾವ ಚರ್ಚೆಯೂ ನಮ್ಮಲ್ಲಿ ಮುಗಿಯುವುದಿಲ್ಲ. ವೇದಪಾಠದ ಕ್ರಮ, ಜಟೆ, ಘನ ನಿಜವಾಗಿಯೂ ಅದ್ಭುತ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಪದಗಳನ್ನು ಹಿಂದೆ ಮುಂದೆ ಹೆಣೆಯುತ್ತಾರೆ, ಒಂದು ಸ್ವರವೂ ಜಾರದಂತೆ. ಆದರೆ ಅದು ಸಾಲು ಕೆಡದಂತೆ ಕಾಯುವ ಕೆಲಸ. ಕಾರ್ಡಿನ ಕೆಲಸ ಬೇರೆ. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ, ತಿಥಿ, ನಕ್ಷತ್ರ, ಅರವತ್ತು ಸಂವತ್ಸರ ಹೇಳಿಸುತ್ತಿದ್ದರು. ಪ್ರಭವ, ವಿಭವ ಎಂದು ಹತ್ತಿಸಿಕೊಟ್ಟರೆ ಇಂದಿಗೂ ಅಕ್ಷಯದಲ್ಲೇ ಇಳಿಯುವುದು. ನಡುವೆ ತಡೆದು "ಖರ ಸಂವತ್ಸರದ ಹಿಂದಿನದು ಯಾವುದು?" ಎಂದರೆ ಮತ್ತೆ ಪ್ರಭವಕ್ಕೇ ಹೋಗಿ ಬಸ್ಸು ಹತ್ತಬೇಕು. ಹದಿನೇಳೆಂಟ್ಲಿ ಎಷ್ಟು ಎಂದರೂ ಅಷ್ಟೇ, ಹದಿನೇಳೊಂದ್ಲಿ ಇಂದ ಹೊರಡಬೇಕು. ಕಾರ್ಡಿನಲ್ಲಿ ಕಲಿತದ್ದು ನಡುವೆ ಎಲ್ಲಿ ಕರೆದರೂ ಎದ್ದು ಬರುತ್ತದೆ. ಸರತಿ ಮಾತ್ರ ಗೊತ್ತಿರುವುದಿಲ್ಲ. ಎರಡೂ ಬೇಕಾದದ್ದೇ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಎಬ್ಬಿಂಗ್‌ಹೌಸ್ ಮಾಡಿದ ಇನ್ನೊಂದು ಪ್ರಯೋಗದ ಸುದ್ದಿಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅರ್ಥವಿಲ್ಲದ ಸಾಲುಗಳ ಜೊತೆಗೆ ಆತ ಬೈರನ್ ಕವಿಯ 'ಡಾನ್ ಹ್ವಾನ್' ಕಾವ್ಯದ ಪದ್ಯಗಳನ್ನೂ ಬಾಯಿಪಾಠ ಮಾಡಿ ನೋಡಿದ. ಅಷ್ಟೇ ಉದ್ದದ ಅರ್ಥಹೀನ ಸಾಲಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಭಾಗಕ್ಕೆ ಪದ್ಯ ಬಂದುಬಿಟ್ಟಿತು. ಅರ್ಥ, ಪ್ರಾಸ, ಲಯ ಸೇರಿ ಒಂಬತ್ತು ಭಾಗದ ಕೂಲಿ ಉಳಿಸಿದವು. ವಿಕಿಯೂ ಕಾರ್ಡೂ ಜೊತೆಗೆ ಯಾಕೆ ಇರಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಯಾರೋ ಮಾಡಿಟ್ಟ ಕಾರ್ಡಿನ ಕಟ್ಟನ್ನು ಇಳಿಸಿಕೊಂಡು ಉರು ಹೊಡೆಯುವುದು ಅವನ ಮೊದಲ ಪ್ರಯೋಗದ ಮಾದರಿ. ಪುಟ ಬರೆದು, ಮರದ ಕೆಳಗೆ ನಿಂತು, ತಿದ್ದಿ, ಆಮೇಲೆ ಅದರಿಂದ ಕಾರ್ಡು ತೆಗೆಯುವುದು ಎರಡನೆಯದು. ವೋಜ್ನಿಯಾಕ್ ಕೂಡ ಕಾರ್ಡು ಬರೆಯುವವರಿಗೆ ಕೊಟ್ಟ ನಿಯಮಗಳಲ್ಲಿ ಮೊದಲನೆಯದು ಇದೇ: ಅರ್ಥವಾಗದ್ದನ್ನು ಕಲಿಯಲು ಹೋಗಬೇಡಿ.

ಬರೆದಿಟ್ಟದ್ದೂ ನೆನಪೂ ಜೊತೆಗಿರಬೇಕು ಎಂಬುದು ನನಗೆ ಚೆನ್ನಾಗಿ ಕಂಡದ್ದು ದೊಡ್ಡಮ್ಮನ ಮುಯ್ಯಿ ಪುಸ್ತಕದಲ್ಲಿ. ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿದ ಉದ್ದನೆಯ ಪುಸ್ತಕ. ಯಾವ ಮದುವೆಯಲ್ಲಿ ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು, ದುಡ್ಡೋ ಪಾತ್ರೆಯೋ, ಎಲ್ಲ ದಾಖಲು. ಮದುವೆಯ ಕರೆಯೋಲೆ ಬಂದರೆ ಸಾಕು, ದೊಡ್ಡಮ್ಮ ಅಡುಗೆಮನೆಯಿಂದಲೇ, "ಲೋ, ಹಾಸನದೋರು ನಮ್ ಶಾಂತನ ಮದ್ವೇಲಿ ಕೊಳದಪ್ಪಲೆ ಕೊಟ್ಟಿದ್ರು, ಕೆಂಪು ರಟ್ಟಿನ ಪುಸ್ತಕದಲ್ಲಿ ನೋಡು" ಎನ್ನುತ್ತಿದ್ದರು. ಅವರಿಗೆ ಮೊತ್ತ ನೆನಪಿರುತ್ತಿರಲಿಲ್ಲ, ಅದು ಪುಸ್ತಕದ ಕೆಲಸ. ಯಾರು, ಯಾವ ಮದುವೆ, ಯಾವ ರಟ್ಟು, ಇಷ್ಟು ಅವರ ಕೆಲಸ. ದೊಡ್ಡಮ್ಮ ಹೋದ ಮೇಲೆ ಆ ಪುಸ್ತಕಗಳು ನಮ್ಮ ಮನೆಗೆ ಬಂದಿವೆ. ಒಂದು ಹೆಸರೂ ಅಳಿಸಿಲ್ಲ, ಆದರೂ ಯಾರಿಗೆ ಏನು ಮಾಡಬೇಕು ಎಂದು ನಮಗೆ ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ಮೊತ್ತದ ಕವರು ಕೊಟ್ಟು ಊಟ ಮಾಡಿ ಬರುತ್ತೇವೆ.

ಹಾಗಾಗಿ ಕಾರ್ಡಿಗೆ ಏನು ಹೋಗಬೇಕು ಎಂದು ಕೇಳುವವರಿಗೆ ನನ್ನ ತೀರ್ಪು ಸರಳ. ಕ್ರುಂಬಿಗಲ್ ಬಂದ ಇಸವಿ ಪುಟದಲ್ಲಿರಲಿ. ಅಂಥವರೊಬ್ಬರಿದ್ದರು, ಅವರಿಗೆ ಒಂದು ಪುಟವಿದೆ ಎಂಬುದು ಕಾರ್ಡಿನಲ್ಲಿರಲಿ. ಬೀದಿಯಲ್ಲಿ, ಬರಿಗೈಯಲ್ಲಿ ನಿಂತಾಗ ಬಾಯಿಗೆ ಬರಬೇಕಾದದ್ದು ಕಾರ್ಡು. ಕುರ್ಚಿಯ ಮೇಲೆ ಕೂತು ನೋಡಿದರೆ ಸಾಕಾದದ್ದು ವಿಕಿ. ಲೂಮಾನ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞ ಸುಮಾರು 90,000 ಚೀಟಿಗಳನ್ನು ಕೈಯಲ್ಲೇ ಬರೆದು, ನಂಬರು ಹಾಕಿ, ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟು, ಅವುಗಳಿಂದ ರಾಶಿ ಪುಸ್ತಕ ಬರೆದರು. ಅವರನ್ನು ನೋಡಿ ಚೀಟಿ ಮಾಡುವವರು ಬಹಳ. ಪುಸ್ತಕ ಬರೆಯುವವರು ಕಡಿಮೆ.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಹಬ್ಬಕ್ಕೋ ಮದುವೆಗೋ ಒಂದು ವಾರ ಊರಿಗೆ ಹೋಗಿ ಬಂದರೆ ಆಂಕಿ ಬಾಕಿಯ ದೊಡ್ಡ ಸಂಖ್ಯೆಯೊಂದನ್ನು ಮುಖಕ್ಕೆ ಹಿಡಿಯುತ್ತದೆ. ಸಾಲಗಾರನ ಹಾಗೆ ಹೆದರಿ ಇಡೀ ತಂತ್ರಾಂಶವನ್ನೇ ತೆಗೆದುಹಾಕುವವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ. ದಿನಕ್ಕೆ ಹೊಸ ಕಾರ್ಡು ಎರಡು ಮೂರಕ್ಕಿಂತ ಹೆಚ್ಚು ಬೇಡ, ಬಾಕಿಯನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿ. ಬೇಸರ ತರಿಸುವ ಕಾರ್ಡನ್ನು ನಿರ್ದಾಕ್ಷಿಣ್ಯವಾಗಿ ಅಳಿಸಿ. ಅದರಲ್ಲಿದ್ದ ಸಂಗತಿ ಎಲ್ಲಿಗೂ ಹೋಗಿರುವುದಿಲ್ಲ, ವಿಕಿಯ ಪುಟದಲ್ಲಿ ಇದ್ದೇ ಇರುತ್ತದೆ.